ಬೆಳಕಿರುವಾಗಲೇ ತಿದ್ದಿಸಿಕೊಳ್ಳಬೇಕು

ಲ್ಯಾಂಡ್‌ಸ್ಕೇಪ್ ಫೋಟೋಗ್ರಫಿ ಕಲಿಯೋಕೆ ದುಡ್ಡು ಕೊಟ್ಟು ವರ್ಕ್‌ಶಾಪ್‌ಗೆ ಯಾಕೆ ಹೋಗಬೇಕು, ಎಲ್ಲಾ ಯೂಟ್ಯೂಬ್‌ನಲ್ಲೇ ಸಿಗುತ್ತಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸಿಗುತ್ತೆ, ನಿಜ. ಅಪರ್ಚರ್, ಶಟರ್, ಐಎಸ್‌ಒ, ಯಾವ ಲೆನ್ಸ್, ಯಾವ ಫಿಲ್ಟರ್, ಎಲ್ಲವನ್ನೂ ಬಿಡಿಸಿ ಹೇಳುವವರಿದ್ದಾರೆ. ಕನ್ನಡದಲ್ಲೂ ಇದ್ದಾರೆ. ನಾನೂ ಮೊದಲ ಪಾಠಗಳನ್ನು ಅಲ್ಲೇ ಕಲಿತವನು. ಆದರೂ ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟೇ. ಹೊಸ ಲೆನ್ಸ್‌ಗೆ ಅಂತ ಎತ್ತಿಟ್ಟ ದುಡ್ಡಿದ್ದರೆ ಅದರಲ್ಲಿ ಮೊದಲು ಒಂದು ಒಳ್ಳೆಯ ಫೀಲ್ಡ್ ವರ್ಕ್‌ಶಾಪ್‌ಗೆ ಹೋಗಿ ಬನ್ನಿ.

ವಿಡಿಯೋ ನೋಡಿಕೊಂಡು ಹೊರಗೆ ಹೋಗುತ್ತೇವೆ, ಫೋಟೋ ತೆಗೆಯುತ್ತೇವೆ, ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ತೆರೆದಾಗ ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ. ಅಷ್ಟೊತ್ತಿಗೆ ಆ ಬೆಳಕು ಹೋಗಿರುತ್ತದೆ, ಆ ಮೋಡವೂ ಹೋಗಿರುತ್ತದೆ. ನಿಂತಿದ್ದ ಜಾಗ ನೂರಾರು ಕಿಲೋಮೀಟರ್ ಹಿಂದೆ ಉಳಿದಿರುತ್ತದೆ. ವರ್ಕ್‌ಶಾಪ್‌ನಲ್ಲಿ ಏನು ಸರಿಯಿಲ್ಲ ಅನ್ನೋದನ್ನು ಒಬ್ಬರು ಪಕ್ಕದಲ್ಲೇ ನಿಂತು ಹೇಳುತ್ತಾರೆ, ಅದೂ ಬಿಸಿಲು ಇನ್ನೂ ಬಂಡೆಯ ಮೇಲೆ ಇರುವಾಗ. ತಿದ್ದಿಕೊಂಡು ಇನ್ನೊಮ್ಮೆ ಕ್ಲಿಕ್ ಮಾಡೋಕೆ ಹೊತ್ತು ಉಳಿದಿರುತ್ತದೆ. ನಾನು ಕಂಡುಕೊಂಡ ವ್ಯತ್ಯಾಸ ಇದೊಂದೇ, ಆದರೆ ಕಲಿಕೆಯ ವೇಗವನ್ನೇ ಬದಲಿಸುವಂಥದ್ದು.

ಹಂಪಿಯ ಮತಂಗ ಬೆಟ್ಟದ ಉದಾಹರಣೆ ಹೇಳುತ್ತೇನೆ. ಚಳಿಗಾಲದ ವರ್ಕ್‌ಶಾಪ್ ಅದು. ಬೆಳಿಗ್ಗೆ ಐದರ ಸುಮಾರಿಗೆ ಟಾರ್ಚ್ ಹಿಡಿದು ಕಲ್ಲಿನ ಮೆಟ್ಟಿಲು ಹತ್ತಿ, ಮೇಲಿನ ವೀರಭದ್ರ ಗುಡಿಯ ಹತ್ತಿರ ಸೇರಿದೆವು. ಕತ್ತಲಲ್ಲೇ ಮೇಷ್ಟ್ರು ಎಲ್ಲರ ಕೈಗೂ ದಿಕ್ಸೂಚಿ ಕೊಟ್ಟು, ಸೂರ್ಯ ಎಲ್ಲಿ ಹುಟ್ಟುತ್ತಾನೆ ತೋರಿಸಿ ಅಂದರು. ಎಲ್ಲರ ಬೆರಳೂ ನೇರ ಪೂರ್ವಕ್ಕೆ ಹೋಯಿತು. ಡಿಸೆಂಬರ್ ಕೊನೆಯಲ್ಲಿ ಹಂಪಿಯಲ್ಲಿ ಸೂರ್ಯ ಹುಟ್ಟೋದು ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ. ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಇದನ್ನು ಮೊಬೈಲ್ ಆ್ಯಪ್ ಕೂಡ ಹೇಳುತ್ತದೆ. ಆದರೆ ಕೈ ಚಾಚಿ ಆ ದಿಕ್ಕನ್ನು ಹಿಡಿದು, ಅಲ್ಲಿಂದ ಬರುವ ಬೆಳಕು ಕೆಳಗಿನ ಅಚ್ಯುತರಾಯ ದೇವಸ್ಥಾನದ ಯಾವ ಗೋಡೆಗೆ ಬೀಳುತ್ತೆ, ಯಾವುದು ನೆರಳಲ್ಲಿ ಉಳಿಯುತ್ತೆ ಅಂತ ಕತ್ತಲಲ್ಲೇ ಲೆಕ್ಕ ಹಾಕಿ, ಆಮೇಲೆ ಅದು ನಿಜವಾಗೋದನ್ನು ಕಣ್ಣಾರೆ ನೋಡಿದರೆ ಮರೆಯೋ ಮಾತೇ ಇಲ್ಲ.

ನನ್ನ ಪಕ್ಕದಲ್ಲಿ ಹೊಸಪೇಟೆ ಕಡೆಯ ಶಾಲಾ ಶಿಕ್ಷಕಿಯೊಬ್ಬರು ಟ್ರೈಪಾಡ್ ನಿಲ್ಲಿಸಿದ್ದರು. ಹಳೇ ಕ್ಯಾಮೆರಾ, ಅದರ ಜೊತೆಗೇ ಬಂದ ಲೆನ್ಸ್. ಅವರ ಫ್ರೇಮ್‌ನಲ್ಲಿ ಮುಂದೆ ಒಂದು ದೊಡ್ಡ ಬಂಡೆ, ಅದರ ಆಚೆ ತಗ್ಗಿನಲ್ಲಿ ಅಚ್ಯುತರಾಯ ದೇವಸ್ಥಾನ, ಇನ್ನೂ ಆಚೆ ಗುಡ್ಡದ ಸಾಲು. ವೈಡ್ ಲೆನ್ಸ್, ಅಂದರೆ ಅಗಲವಾದ ನೋಟ ಹಿಡಿಯುವ ಲೆನ್ಸ್ ಇದ್ದರೆ ಕ್ಯಾಮೆರಾ ಕೆಳಗಿಳಿಸಿ, ಮುಂದಿನ ವಸ್ತು ದೊಡ್ಡದಾಗಿ ಕಾಣಲಿ ಅಂತ ಎಲ್ಲಾ ಕಡೆ ಹೇಳುತ್ತಾರಲ್ಲ, ಹಾಗೇ ಅವರೂ ಮೊಣಕಾಲೆತ್ತರಕ್ಕೆ ಇಳಿಸಿದ್ದರು. ಮೇಷ್ಟ್ರು ಬಂದು ಸ್ಕ್ರೀನ್ ನೋಡಿ ಒಂದೇ ಪ್ರಶ್ನೆ ಕೇಳಿದರು. ಬಂಡೆ ಎಲ್ಲಿ ಮುಗಿಯುತ್ತೆ, ಗೋಪುರ ಎಲ್ಲಿ ಶುರುವಾಗುತ್ತೆ, ಬೆರಳಿಟ್ಟು ತೋರಿಸಿ ಅಂತ. ತೋರಿಸೋಕೆ ಆಗಲಿಲ್ಲ. ಬಂಡೆಯ ಅಂಚು ಗೋಪುರದ ಬುಡವನ್ನು ನುಂಗಿತ್ತು. ಎರಡೂ ಒಂದೇ ಬಣ್ಣದ ಕಲ್ಲು ಬೇರೆ.

ಟ್ರೈಪಾಡ್ ಒಂದು ಗೇಣು ಮೇಲೆತ್ತಿ ಅಂದರು. ಎತ್ತಿದರು. ಬಂಡೆಗೂ ಗೋಪುರಕ್ಕೂ ನಡುವೆ ಒಂದು ತೆಳ್ಳನೆಯ ಸಂದಿ ಬಿಟ್ಟುಕೊಂಡಿತು. ಇನ್ನೊಂದು ಗೇಣು ಎತ್ತಿದಾಗ ಆ ಸಂದಿಯಲ್ಲಿ ದೇವಸ್ಥಾನದ ಪ್ರಾಕಾರದ ಗೋಡೆ ಕಾಣಿಸಿತು. ಇಡೀ ದೇವಸ್ಥಾನ ಬಂಡೆಯಿಂದ ಕಳಚಿಕೊಂಡು ಕಣಿವೆಯಲ್ಲಿ ಕೂತ ಹಾಗಾಯಿತು. ಎತ್ತರ ಬದಲಾಗಿದ್ದು ಎರಡು ಗೇಣು ಮಾತ್ರ. ಅಷ್ಟರಲ್ಲಿ ಸೂರ್ಯ ಬಂದ. ಸೂರ್ಯ ತನ್ನ ಅಗಲದಷ್ಟು ಮೇಲೇರೋಕೆ ಎರಡು ನಿಮಿಷದ ಆಸುಪಾಸು ಸಾಕು. ಬಂಡೆಗಳ ಮೇಲೆ ಕೇಸರಿ ಬಣ್ಣ ನಿಲ್ಲೋದು ಹೆಚ್ಚೆಂದರೆ ಹದಿನೈದು ಇಪ್ಪತ್ತು ನಿಮಿಷ. ಆ ಹೊತ್ತಿನಲ್ಲಿ ಅವರ ಕ್ಯಾಮೆರಾ ಸರಿಯಾದ ಎತ್ತರದಲ್ಲಿ ಇತ್ತು. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ತೂರೋಕೆ ಮೊರ ಕೈಯಲ್ಲಿ ಇರಬೇಕು.

ಆವತ್ತಿನಿಂದ ನಾನು ಯಾವ ಜಾಗಕ್ಕೆ ಹೋದರೂ ಟ್ರೈಪಾಡ್ ಬಿಚ್ಚುವ ಮೊದಲು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಬಗ್ಗಿ, ಎದ್ದು, ಎಡಕ್ಕೆ ಬಲಕ್ಕೆ ಸರಿದು ನೋಡುತ್ತೇನೆ. ವಸ್ತುಗಳು ಒಂದಕ್ಕೊಂದು ಅಂಟಿಕೊಂಡಿವೆಯೋ ಬಿಟ್ಟುಕೊಂಡಿವೆಯೋ ಅನ್ನೋದು ಮೊದಲು. ಟ್ರೈಪಾಡ್ ಆಮೇಲೆ.

ಫೋಕಸ್ ವಿಷಯವೂ ಹಾಗೇ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸ್ ಹಾಕಿ, ಅಪರ್ಚರ್ (ಬೆಳಕು ಒಳಬರುವ ರಂಧ್ರ) ಎಫ್/11 ಇಟ್ಟರೆ ಸುಮಾರು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಬೇಕು, ಆಗ 90 ಸೆಂಟಿಮೀಟರ್‌ನಿಂದ ಹಿಡಿದು ದೂರದ ಬೆಟ್ಟದವರೆಗೆ ಎಲ್ಲಾ ಸ್ಪಷ್ಟವಾಗಿ ಬರುತ್ತದೆ. ಇದು ಪಟ್ಟಿಯಲ್ಲಿ ಸಿಗುವ ಲೆಕ್ಕ. ಬೆಟ್ಟದ ತುದಿಯಲ್ಲಿ, ಚಳಿಯಲ್ಲಿ, ಪಟ್ಟಿ ಯಾರು ನೋಡುತ್ತಾರೆ? ಒಬ್ಬ ಎತ್ತರದ ಆಳು ಮಲಗಿದರೆ ಎಷ್ಟುದ್ದವೋ ಅಷ್ಟು ದೂರದ ಕಲ್ಲಿಗೆ ಫೋಕಸ್ ಮಾಡಿ ಅಂದರು ಮೇಷ್ಟ್ರು. ಅಷ್ಟೇ. ಮಾಡಿ, ಸ್ಕ್ರೀನ್‌ನಲ್ಲಿ ದೊಡ್ಡದು ಮಾಡಿ ಹತ್ತಿರದ ಹುಲ್ಲಿನ ಎಸಳನ್ನೂ ದೂರದ ಗೋಪುರವನ್ನೂ ನೋಡಿ ಅಂದರು. ಎರಡೂ ಸ್ಪಷ್ಟವಾಗಿದ್ದವು. ರಂಧ್ರ ಇನ್ನೂ ಸಣ್ಣದು ಮಾಡಿ ಎಫ್/22 ಇಟ್ಟರೆ ಇನ್ನೂ ಚೆನ್ನಾಗಿ ಬರಲ್ವಾ ಅಂತ ಒಬ್ಬರು ಕೇಳಿದರು. ಅದನ್ನೂ ಅಲ್ಲೇ ಮಾಡಿ ನೋಡಿದೆವು. ತೀರಾ ಸಣ್ಣ ರಂಧ್ರದಲ್ಲಿ ಹಾದುಬರುವ ಬೆಳಕು ಚದುರಿ ಇಡೀ ಚಿತ್ರವೇ ಕೊಂಚ ಮಂಕಾಗುತ್ತದೆ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟ ಮೇಲೆ ಮತ್ತೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಕತ್ತಲಲ್ಲಿ ಇನ್ನೊಂದು ತೊಡಕಿದೆ. ಸುತ್ತಲೂ ಕತ್ತಲಿರುವಾಗ ಕ್ಯಾಮೆರಾದ ಸ್ಕ್ರೀನ್ ಜಾಸ್ತಿ ಬೆಳಗಿದ ಹಾಗೆ ಕಾಣುತ್ತದೆ. ಚಿತ್ರ ಸಾಕಷ್ಟು ಬೆಳಕಾಗಿದೆ ಅಂದುಕೊಂಡು ಎಕ್ಸ್‌ಪೋಷರ್ ಕಡಿಮೆ ಮಾಡಿಬಿಡುತ್ತಾರೆ. ಮನೆಯಲ್ಲಿ ತೆರೆದರೆ ನೆರಳೆಲ್ಲ ಕಪ್ಪು ಮುದ್ದೆ. ಅದಕ್ಕೇ ಮೇಷ್ಟ್ರು ಎಲ್ಲರ ಸ್ಕ್ರೀನಿನ ಬೆಳಕು ಇಳಿಸಿ, ಹಿಸ್ಟೋಗ್ರಾಂ ನೋಡೋದನ್ನು ರೂಢಿ ಮಾಡಿಸಿದರು. ಚಿತ್ರದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಅಂತ ಎಡದಿಂದ ಬಲಕ್ಕೆ ತೋರಿಸುವ ನಕ್ಷೆ ಅದು. ಬಲಗಡೆ ಗೋಡೆಗೆ ಒತ್ತಿಕೊಂಡರೆ ಆಕಾಶ ಸುಟ್ಟಿದೆ, ಎಡಗಡೆ ಒತ್ತಿಕೊಂಡರೆ ನೆರಳು ಸತ್ತಿದೆ. ಎರಡೂ ಕಡೆ ಒತ್ತಿದರೆ ಒಂದೇ ಚಿತ್ರದಲ್ಲಿ ಆಗೋ ಕೆಲಸ ಅಲ್ಲ, ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ಎರಡು ಮೂರು ತೆಗೆದಿಟ್ಟುಕೊಳ್ಳಿ.

ಮಧ್ಯಾಹ್ನದ ಬಿಸಿಲಲ್ಲಿ ಫೋಟೋ ಇಲ್ಲ, ಲಾಡ್ಜಿನ ಹಾಲ್‌ನಲ್ಲಿ ಎಲ್ಲರ ಚಿತ್ರಗಳ ಪರೀಕ್ಷೆ. ಬಹಳ ವರ್ಕ್‌ಶಾಪ್‌ಗಳಲ್ಲಿ ಜನ ಈ ಹೊತ್ತಲ್ಲಿ ಮಲಗಿಬಿಡುತ್ತಾರೆ. ನನ್ನ ಮಟ್ಟಿಗೆ ಅರ್ಧ ಕಲಿಕೆ ಇಲ್ಲೇ ಇದೆ. ಪ್ರತಿಯೊಬ್ಬರೂ ಎಡಿಟ್ ಮಾಡದ ಮೂರು ಚಿತ್ರ ಕೊಡಬೇಕು. ಚಿತ್ರ ಪರದೆ ಮೇಲೆ ಇರುವಾಗ ತೆಗೆದವರು ಬಾಯಿ ಬಿಡುವ ಹಾಗಿಲ್ಲ. ಉಳಿದವರು ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ಹೇಳಬೇಕು. ಚೆನ್ನಾಗಿದೆ, ಸೂಪರ್ ಅನ್ನೋ ಹಾಗಿಲ್ಲ. ಒಂದೇ ಬೆಟ್ಟದ ಮೇಲೆ, ಒಂದೇ ಬೆಳಕಲ್ಲಿ, ಹತ್ತಡಿ ಅಂತರದಲ್ಲಿ ನಿಂತ ಜನ ಎಂಥೆಂಥ ಬೇರೆ ಚಿತ್ರ ತಂದಿದ್ದರು ಅಂದರೆ, ಒಬ್ಬರು ಇಡೀ ಹೊತ್ತು ಸೂರ್ಯನಿಗೆ ಬೆನ್ನು ಹಾಕಿ ಪಶ್ಚಿಮಕ್ಕೆ ತಿರುಗಿದ್ದರು. ಅವರಿಗೆ ವಿರೂಪಾಕ್ಷ ಗೋಪುರದ ತುದಿಗೆ ಮೊದಲ ಬಿಸಿಲು ತಾಗಿದ ಚಿತ್ರ ಸಿಕ್ಕಿತ್ತು, ಕೆಳಗೆ ಬಜಾರ್ ಬೀದಿ ಇನ್ನೂ ನೀಲಿ ನೆರಳಲ್ಲಿ. ನಾವೆಲ್ಲ ಸೂರ್ಯನನ್ನೇ ನೋಡುತ್ತಿದ್ದಾಗ ಆ ಚಿತ್ರ ನಮ್ಮ ಬೆನ್ನ ಹಿಂದೆ ಇತ್ತು. ಹಾಲ್‌ನಲ್ಲಿ ಅದನ್ನು ನೋಡಿದಾಗ ಆದ ಸಂತೋಷ ನನಗೆ ಈಗಲೂ ಹಸಿಯಾಗಿದೆ.

ಬಯಲಿಗೆ ಕರೆದುಕೊಂಡು ಹೋಗಿ ಹೀಗೆ ಕಲಿಸೋದು ಹೊಸದೇನಲ್ಲ. ಅಮೆರಿಕದ ಲ್ಯಾಂಡ್‌ಸ್ಕೇಪ್ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1955ರಿಂದ ಯೊಸೆಮಿಟಿ ಕಣಿವೆಯಲ್ಲಿ ವರ್ಷವರ್ಷ ವರ್ಕ್‌ಶಾಪ್ ನಡೆಸಿದರು. ಅವರ ಹೆಸರು ಕೇಳಿದಾಗಲೆಲ್ಲ ನನಗೆ ನೆನಪಾಗೋದು 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡಿಸ್ ಎಂಬ ಹಳ್ಳಿಯ ಮೇಲೆ ಚಂದ್ರ ಏಳುವಾಗ ತೆಗೆದ ಚಿತ್ರ. ಸಂಜೆ ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಕೊನೆಯ ಬಿಸಿಲು ಕಂಡಿತು. ಗಾಡಿ ನಿಲ್ಲಿಸಿ ಕ್ಯಾಮೆರಾ ಜೋಡಿಸಿದರೆ ಬೆಳಕು ಅಳೆಯುವ ಲೈಟ್ ಮೀಟರ್ ಸಿಗುತ್ತಿಲ್ಲ. ಹುಣ್ಣಿಮೆ ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಅನ್ನೋದು ಅವರಿಗೆ ಬಾಯಿಪಾಠ ಇತ್ತು. ಅದರಿಂದಲೇ ಎಕ್ಸ್‌ಪೋಷರ್ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಫಿಲ್ಮ್ ಹೋಲ್ಡರ್ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಅಂಥ ಗಳಿಗೆಯಲ್ಲಿ ಕೈ ತಾನಾಗೇ ಕೆಲಸ ಮಾಡಬೇಕಾದರೆ ಅದಕ್ಕೂ ಮೊದಲು ಎಷ್ಟು ಸಲ ಮಾಡಿರಬೇಕು ಯೋಚಿಸಿ.

ನಮ್ಮಲ್ಲೂ ಈ ಪದ್ಧತಿ ಇದೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. 2017ರಲ್ಲಿ ತೀರಿಕೊಂಡ ಟಿ.ಎನ್.ಎ. ಪೆರುಮಾಳ್ ವನ್ಯಜೀವಿ ಫೋಟೋಗ್ರಫಿಯಲ್ಲಿ ದೊಡ್ಡ ಹೆಸರು. ಅವರು ತಾವು ಹಿರಿಯ ಫೋಟೋಗ್ರಾಫರ್ ಒ.ಸಿ. ಎಡ್ವರ್ಡ್ಸ್ ಅವರ ಕೈಕೆಳಗೆ ಕಲಿತವರು, ಆಮೇಲೆ ಎಷ್ಟೋ ಹುಡುಗರಿಗೆ ಕಲಿಸಿದವರು. ಹಿರಿಯರ ಹಿಂದೆ ಹೋಗಿ, ಅವರು ಏನು ನೋಡುತ್ತಾರೆ ಅಂತ ನೋಡಿ ಕಲಿಯೋದು. ಈಗಿನ ವರ್ಕ್‌ಶಾಪ್‌ಗೆ ಶುಲ್ಕ, ಟೀ ಶರ್ಟು, ವಾಟ್ಸಾಪ್ ಗುಂಪು ಎಲ್ಲಾ ಸೇರಿಕೊಂಡಿರಬಹುದು, ಒಳಗಿನ ತಿರುಳು ಅದೇ.

ಹಂಪಿಯಲ್ಲಿ ಸಂಜೆ ನಮಗೆ ಕೊಟ್ಟ ಅಭ್ಯಾಸ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಫೋಟೋಗಳನ್ನು ತೆಗೆದರು. ಮೇಣ ಸವರಿದ ಕಾಗದದ ನೆಗೆಟಿವ್‌ಗಳು, ಭಾರೀ ಕ್ಯಾಮೆರಾ. ಅದರಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಚಿತ್ರವೂ ಇದೆ. ಆಗ ರಥದ ಮೇಲೆ ಇಟ್ಟಿಗೆಯ ಶಿಖರ ಇತ್ತು, ಈಗ ಅದಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಮೇಷ್ಟ್ರು ನಮ್ಮ ಕೈಗೆ ಆ ಹಳೇ ಚಿತ್ರದ ಪ್ರಿಂಟ್ ಕೊಟ್ಟು, ಗ್ರೀನ್‌ಲಾ ಕ್ಯಾಮೆರಾ ಎಲ್ಲಿತ್ತು ಕಂಡುಹಿಡಿಯಿರಿ ಅಂದರು. ಪುರಾತತ್ವ ಇಲಾಖೆಯ ಸ್ಮಾರಕಗಳೊಳಗೆ ಟ್ರೈಪಾಡ್‌ಗೆ ಅನುಮತಿ ಬೇಕು, ಹಾಗಾಗಿ ಕ್ಯಾಮೆರಾ ಕೈಯಲ್ಲೇ ಹಿಡಿದು.

ಮೊದಲು ಎಲ್ಲರೂ ಝೂಮ್ ತಿರುಗಿಸಿದರು. ರಥದ ಗಾತ್ರ ಪ್ರಿಂಟ್‌ನಲ್ಲಿ ಇದ್ದಷ್ಟೇ ಬಂತು. ಆದರೆ ಹಿಂದಿನ ಮಂಟಪದ ಕಂಬಗಳು ಸರಿಯಾದ ಜಾಗದಲ್ಲಿ ಇಲ್ಲ. ಪ್ರಿಂಟ್‌ನಲ್ಲಿ ರಥದ ಅಂಚಿನ ಪಕ್ಕಕ್ಕೆ ಕಾಣುವ ಕಂಬ ನಮಗೆ ರಥದ ಹಿಂದೆ ಅಡಗಿ ಕೂತಿದೆ. ಎಷ್ಟು ಝೂಮ್ ಮಾಡಿದರೂ ಅದು ಹೊರಗೆ ಬರೋಲ್ಲ. ಒಂದು ಹೆಜ್ಜೆ ಬಲಕ್ಕೆ ಇಟ್ಟರೆ ಬರುತ್ತದೆ. ಬಂದಾಗ ಇನ್ನೊಂದು ಕಡೆಯ ಕಂಬ ಹೊಂದೋಲ್ಲ, ಅದಕ್ಕೆ ಎರಡು ಹೆಜ್ಜೆ ಹಿಂದೆ ಹೋಗಬೇಕು. ಹೀಗೆ ಹೆಜ್ಜೆ ಹೆಜ್ಜೆಗೆ ಸರಿಯುತ್ತಾ ಸರಿಯುತ್ತಾ ಎಲ್ಲರೂ ಕೊನೆಗೆ ಒಂದೇ ಹಾಸುಗಲ್ಲಿನ ಸುತ್ತ ಬಂದು ಸೇರಿದೆವು. ಯಾರೋ ತಮಾಷೆಗೆ ಜೇಬಿನಿಂದ 50 ರೂಪಾಯಿ ನೋಟು ತೆಗೆದು, ಅದರ ಹಿಂದಿರುವ ರಥವನ್ನು ಎಲ್ಲಿಂದ ನೋಡಿದ್ದು ಅಂತ ಅದನ್ನೂ ಹುಡುಕೋಕೆ ಹೊರಟರು. ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ಇರುವ ಸಂಬಂಧವನ್ನು ತೀರ್ಮಾನಿಸೋದು ನಿಂತ ಜಾಗ. ಲೆನ್ಸ್ ಮಾಡೋದು ಅದರಲ್ಲಿ ಎಷ್ಟು ಕತ್ತರಿಸಿ ತೋರಿಸಬೇಕು ಅನ್ನೋದನ್ನು ಮಾತ್ರ. ಇದನ್ನು ನಾನು ಓದಿದ್ದೆ. ಕಾಲಿಗೆ ಅರ್ಥವಾಗಿದ್ದು ಆ ಅಂಗಳದಲ್ಲಿ.

ಮಳೆಗಾಲದ ಮಲೆನಾಡು ಬೇರೆಯದೇ ಶಾಲೆ. ಕುದುರೆಮುಖದ ಸೆರಗಿನಲ್ಲಿ, ಕಳಸದ ಕಡೆ ಒಂದು ಹೋಮ್‌ಸ್ಟೇಯಲ್ಲಿ ಉಳಿದು ಹುಲ್ಲುಗುಡ್ಡಗಳನ್ನೂ ಅವುಗಳ ಮಡಿಲಲ್ಲಿ ಅಡಗಿರುವ ಶೋಲಾ ಕಾಡನ್ನೂ ತೆಗೆಯೋದು ಕಾರ್ಯಕ್ರಮ. ಮೊದಲ ಬೆಳಿಗ್ಗೆ ಕಿಟಕಿ ತೆಗೆದರೆ ಬರೀ ಬಿಳಿ. ಸೂರ್ಯ ಇಲ್ಲ, ಬೆಟ್ಟ ಇಲ್ಲ. ಬೆಂಗಳೂರಿಂದ ರಾತ್ರಿಯಿಡೀ ಬಂದವರ ಮುಖ ಸಪ್ಪಗಾಯಿತು. ಮೇಷ್ಟ್ರಿಗೆ ಮಾತ್ರ ಹಬ್ಬ.

ಮಂಜಿನಲ್ಲಿ ಕ್ಯಾಮೆರಾದೊಳಗಿನ ಲೈಟ್ ಮೀಟರ್ ಮೋಸ ಹೋಗುತ್ತದೆ. ಕ್ಯಾಮೆರಾ ತನ್ನ ಮುಂದಿರೋದೆಲ್ಲ ಸರಾಸರಿ ಬೂದು ಬಣ್ಣ ಅಂತ ನಂಬಿ ಲೆಕ್ಕ ಹಾಕುತ್ತದೆ. ಹಾಗಾಗಿ ಬಿಳಿ ಮಂಜು ಕೊಳಕು ಬೂದಿಯಾಗಿ ಬರುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿದರೆ, ಅಂದರೆ ಬೆಳಕು ಎರಡರಷ್ಟು ಮಾಡಿದರೆ, ಮಂಜು ಮತ್ತೆ ಮಂಜಾಗುತ್ತದೆ. ಇನ್ನೊಂದು ಲಾಭ ಏನೆಂದರೆ, ಬಿಸಿಲಲ್ಲಿ ಒಂದೇ ಹಸಿರು ಗೋಜಲಾಗಿ ಕಾಣುವ ಕಾಡಿನಲ್ಲಿ ಮಂಜು ಒಂದೊಂದು ಮರವನ್ನೂ ಬೇರ್ಪಡಿಸಿ ಕೊಡುತ್ತದೆ. ಹತ್ತಿರದ್ದು ಕಪ್ಪು, ಅದರ ಹಿಂದಿನದು ಬೂದು, ಅದರಾಚೆಯದು ಇದೆಯೋ ಇಲ್ಲವೋ. ಮತಂಗದ ಮೇಲೆ ಟ್ರೈಪಾಡ್ ಎತ್ತಿ ಮಾಡಿದ ಕೆಲಸವನ್ನು ಇಲ್ಲಿ ಮಂಜೇ ಮಾಡುತ್ತಿತ್ತು.

ಲೆನ್ಸ್ ಮುಂದೆ ಹಾಕಿ ತಿರುಗಿಸುವ ಪೋಲರೈಸರ್ ಫಿಲ್ಟರ್ ಬಗ್ಗೆ ಒಂದು ಮಾತು. ನೀಲಿ ಆಕಾಶ ಗಾಢ ಮಾಡೋಕೆ ಅದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದರ ನಿಜವಾದ ಊರು ಮಳೆಯ ಮಲೆನಾಡು. ನೆನೆದ ಎಲೆಗಳ ಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತದೆ. ಉಂಗುರವನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಆ ಹೊಳಪು ಕರಗಿ ಕೆಳಗಿನ ಹಸಿರು ಎದ್ದು ಬರುತ್ತದೆ. ಹಳ್ಳದ ನೀರಿನಲ್ಲಿ ತಳದ ಕಲ್ಲುಗಳು ಕಾಣುತ್ತವೆ. ಪೂರ್ತಿ ತಿರುಗಿಸಬೇಡಿ, ಕೊಂಚ ಹೊಳಪು ಉಳಿಸಿ, ಇಲ್ಲದಿದ್ದರೆ ಎಲೆ ಒದ್ದೆಯಾಗಿದೆ ಅಂತಲೇ ಗೊತ್ತಾಗೋಲ್ಲ ಅಂದರು ಮೇಷ್ಟ್ರು. ಬರಹದಲ್ಲಿ ಇದನ್ನು ಹೇಳಬಹುದು. ಎಷ್ಟು ಉಳಿಸಬೇಕು ಅನ್ನೋದು ಆ ಎಲೆಯ ಮುಂದೆ ಕೂತೇ ಗೊತ್ತಾಗಬೇಕು.

ಹಳ್ಳದ ಹತ್ತಿರ ಒಂದು ವಾಗ್ವಾದವೂ ಆಯಿತು. ಬೆಳಕನ್ನು ತಗ್ಗಿಸುವ ಗಾಢವಾದ ಎನ್‌ಡಿ ಫಿಲ್ಟರ್ ಹಾಕಿ ಮೂವತ್ತು ಸೆಕೆಂಡ್ ಶಟರ್ ತೆರೆದರೆ ನೀರು ಹಾಲಿನ ಹಾಗೆ ನುಣ್ಣಗೆ ಬರುತ್ತದೆ. ಗುಂಪಿನಲ್ಲಿ ಹೆಚ್ಚಿನವರಿಗೆ ಅದೇ ಬೇಕಿತ್ತು. ನನಗೆ ಅದು ಒಪ್ಪಿಗೆ ಇಲ್ಲ. ಮಳೆಗಾಲದ ಹಳ್ಳಕ್ಕೆ ಸಿಟ್ಟಿದೆ, ಕೆಂಬಣ್ಣ ಇದೆ, ಕಲ್ಲಿಗೆ ಬಡಿದು ಚಿಮ್ಮುವ ರಭಸ ಇದೆ. ಕಾಲು ಸೆಕೆಂಡ್, ಅರ್ಧ ಸೆಕೆಂಡ್ ಇಟ್ಟರೆ ಹರಿವೂ ಕಾಣುತ್ತದೆ, ಎಳೆಗಳೂ ಉಳಿಯುತ್ತವೆ. ಮೇಷ್ಟ್ರು ತೀರ್ಪು ಕೊಡಲಿಲ್ಲ. ಎರಡನ್ನೂ ತೆಗೆಸಿ, ರಾತ್ರಿ ಪರದೆ ಮೇಲೆ ಹಾಕಿ, ಹಳ್ಳದ ಸದ್ದು ಯಾವುದರಲ್ಲಿ ಕೇಳುತ್ತೆ ಅಂತ ಕೇಳಿದರು. ಅಭಿಪ್ರಾಯ ಎರಡಾಗಿಯೇ ಉಳಿಯಿತು. ಉಳಿಯಲಿ.

ಉಂಬಳದ ಕಾಟ, ಒದ್ದೆ ಬಟ್ಟೆ, ಲೆನ್ಸ್ ಮೇಲೆ ಕೂರುವ ಆವಿ, ಇದೆಲ್ಲ ಇದ್ದೇ ಇದೆ. ಒಣ ಬಟ್ಟೆ ಜಾಸ್ತಿ ಒಯ್ಯಿರಿ. ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಗೂ ತಣ್ಣನೆ ಹೊರಗೂ ಪದೇ ಪದೇ ಓಡಾಡಿಸಬೇಡಿ. ಅಷ್ಟು ಸಾಕು.

ಅಲ್ಲಿ ನಮ್ಮ ಇನ್ನೊಬ್ಬ ಗುರು ಜೀಪ್ ಓಡಿಸುವವರು. ಇನ್ನು ಸ್ವಲ್ಪ ಹೊತ್ತಿಗೆ ಆ ಗುಡ್ಡದ ಮಂಜು ಒಡೆಯುತ್ತೆ, ಗಾಳಿ ಆ ಕಡೆ ತಿರುಗಿದೆ ಅಂತ ಅವರು ಹೇಳಿದರೆ ಒಡೆಯುತ್ತಿತ್ತು. ಮೇಷ್ಟ್ರು ಪ್ರತಿ ಬೆಳಿಗ್ಗೆ ಮೊದಲು ಕೇಳುತ್ತಿದ್ದದ್ದು ಅವರನ್ನು. ಹವಾಮಾನದ ಆ್ಯಪ್ ಆಮೇಲೆ. ಊರಿನವರ ಜೊತೆ ಮಾತಾಡದೆ ಕ್ಯಾಮೆರಾ ಹಿಡಿದು ಇಳಿಯುವ ಗುಂಪುಗಳನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಅವರು ಬದುಕುವ ಜಾಗ ಅದು. ಗದ್ದೆಯ ಬದು ತುಳಿದು, ಬೇಲಿ ದಾಟಿ ಹೋಗೋಕೆ ನಮಗೆ ಹಕ್ಕಿಲ್ಲ.

ಎಲ್ಲಾ ವರ್ಕ್‌ಶಾಪ್‌ಗಳೂ ಹೀಗಿರೋಲ್ಲ. ಒಂದಕ್ಕೆ ಹೋದಾಗ ಕಲಿಸಬೇಕಾದವರು ಬೆಳಕು ಬಂದ ತಕ್ಷಣ ತಮ್ಮ ಟ್ರೈಪಾಡ್ ಹಿಡಿದು ಎಲ್ಲರಿಗಿಂತ ಮುಂದೆ ನಿಂತುಬಿಟ್ಟರು. ನಾವೆಲ್ಲ ಅವರ ಬೆನ್ನನ್ನು ನೋಡಿಕೊಂಡು ಬಂದೆವು. ಹಾಗಾಗಿ ಈಗ ಹಣ ಕಟ್ಟುವ ಮೊದಲು ಕೇಳಿಬಿಡುತ್ತೇನೆ. ಬೆಳಕಿರುವ ಹೊತ್ತಿನಲ್ಲಿ ನೀವು ಫೋಟೋ ತೆಗೆಯುತ್ತೀರೋ, ನಮ್ಮ ಜೊತೆ ಇರುತ್ತೀರೋ? ಒಬ್ಬ ಮೇಷ್ಟ್ರಿಗೆ ಎಷ್ಟು ಜನ? ಎಂಟು ಹತ್ತಕ್ಕಿಂತ ಜಾಸ್ತಿ ಇದ್ದರೆ ನಾನು ಹೋಗೋಲ್ಲ. ಚಿತ್ರ ನೋಡುವ ಹೊತ್ತು ಇದೆಯೋ? ಅರಣ್ಯ ಇಲಾಖೆ ಅನುಮತಿ ತೆಗೆದುಕೊಂಡಿದ್ದೀರೋ? ನೇರವಾಗಿ ಉತ್ತರ ಕೊಡದವರ ಜೊತೆ ಹೋದರೆ ಅದು ಪ್ರವಾಸ. ಪ್ರವಾಸವೂ ಒಳ್ಳೆಯದೇ, ಆದರೆ ಅದಕ್ಕೆ ಬೇರೆ ಹೆಸರಿದೆ.

ಕಳಸದಿಂದ ಹೊರಡುವಾಗ ಮೇಷ್ಟ್ರು ಮನೆಪಾಠ ಕೊಟ್ಟರು. ಮನೆ ಹತ್ತಿರದ ಒಂದು ಜಾಗ ಆರಿಸಿಕೊಳ್ಳಿ, ಒಂದು ವರ್ಷ ತಿಂಗಳಿಗೊಂದು ಚಿತ್ರ, ಅದೇ ಜಾಗದಿಂದ, ಅದೇ ಎತ್ತರದಿಂದ, ಸೂರ್ಯ ಹುಟ್ಟುವ ಹೊತ್ತಿಗೆ. ನಾನು ನಮ್ಮ ಬಡಾವಣೆಯ ಆಚೆಗಿರುವ ಕೆರೆ ಆರಿಸಿಕೊಂಡೆ. ಏರಿಯ ಮೇಲೆ ಒಂದು ಕಲ್ಲಿಗೆ ಗುರುತು ಹಾಕಿದ್ದೇನೆ. ಕ್ಯಾಮೆರಾ ನನ್ನ ಎದೆಯ ಎತ್ತರಕ್ಕೆ. ಡಿಸೆಂಬರ್ ಚಿತ್ರದಲ್ಲಿ ಸೂರ್ಯ ತೂಬಿನ ಬಲಕ್ಕೆ, ಅಪಾರ್ಟ್‌ಮೆಂಟ್‌ಗಳ ನಡುವಿನಿಂದ ಬಂದಿದ್ದ. ಜೂನ್‌ಗೆ ಸುಮಾರು 48 ಡಿಗ್ರಿ ಎಡಕ್ಕೆ ಸರಿದು ಹುಣಸೆ ಮರದ ಹಿಂದೆ ಬರುತ್ತಾನೆ, ನನ್ನ 35 ಎಂಎಂ ಲೆನ್ಸಿನ ಚೌಕಟ್ಟಿನ ಅಂಚಿನಾಚೆಗೆ. ವೈಡ್ ಲೆನ್ಸ್ ಹಾಕಿ ಅವನನ್ನು ಒಳಗೆ ತರಬೇಕೋ, ಅದೇ ಚೌಕಟ್ಟು ಇಟ್ಟುಕೊಂಡು ಅವನನ್ನು ಹೊರಗೆ ಬಿಡಬೇಕೋ ಅಂತ ನಮ್ಮ ಗುಂಪಿನಲ್ಲಿ ವಾರದಿಂದ ಚರ್ಚೆ ನಡೆಯುತ್ತಿದೆ. ಹೊಸಪೇಟೆಯ ಶಿಕ್ಷಕಿ ವೈಡ್ ಲೆನ್ಸ್ ಪರ. ನನ್ನ ಮತ ಚೌಕಟ್ಟು ಬದಲಿಸಬಾರದು ಅಂತ. ಜೂನ್‌ನ ಆಕಾಶದಲ್ಲಿ ಮೋಡ ಇದ್ದೇ ಇರುತ್ತದೆ, ಬಣ್ಣ ಸೂರ್ಯನಿಂದ ದೂರದ ಮೂಲೆಗೂ ಹರಡುತ್ತದೆ. ಅದು ತೂಬಿನ ಮೇಲಿನ ನೀರಿಗೆ ಎಷ್ಟು ಬೀಳುತ್ತೆ ಅನ್ನೋದನ್ನು ನಾನು ನೋಡಬೇಕಾಗಿದೆ.